ಕೇಬಲ್ ಕಡಿದರೂ ಉಳಿಯುವ ವಿಳಾಸ: ಲೂಪ್‌ಬ್ಯಾಕ್ ಇಂಟರ್‌ಫೇಸ್

ಯಾವುದೇ ಕೇಬಲ್‌ನ ಹಂಗಿಲ್ಲದೆ, ರೌಟರ್‌ನ ತಂತ್ರಾಂಶದಲ್ಲಷ್ಟೇ ಇರುವ ಕಾಲ್ಪನಿಕ ಸಂಪರ್ಕದ್ವಾರವೇ ಲೂಪ್‌ಬ್ಯಾಕ್ ಇಂಟರ್‌ಫೇಸ್. ನಿರ್ವಾಹಕರೇ ಮುಚ್ಚುವವರೆಗೆ ಇದು ಚಾಲನೆಯಲ್ಲಿರುತ್ತದೆ. ಸಿಸ್ಕೊದ ಸಿಸಿಎನ್‌ಎ ಪರೀಕ್ಷೆಗೆ ಸಿದ್ಧರಾಗುವವರು ಹೆಚ್ಚುವರಿ ಉಪಕರಣಗಳಿಲ್ಲದೆಯೇ ಅನೇಕ ಜಾಲಗಳನ್ನು ಸೃಷ್ಟಿಸಿಕೊಳ್ಳಲು ಇದು ನೆರವಾಗುತ್ತದೆ.

ರಚನೆ ಹೇಗೆ?
ಕಾನ್ಫಿಗರೇಷನ್ ಹಂತದಲ್ಲಿ ‘ಇಂಟರ್‌ಫೇಸ್ ಲೂಪ್‌ಬ್ಯಾಕ್ 0’ ಎಂಬ ಆದೇಶ ನೀಡಿ, ‘ಐಪಿ ಅಡ್ರೆಸ್ 10.1.1.1 255.255.255.0’ ಎಂದು ವಿಳಾಸ ಕೊಡಬೇಕು. ಬಳಿಕ ‘ರೌಟರ್ ಒಎಸ್‌ಪಿಎಫ್ 1’ರ ಅಡಿಯಲ್ಲಿ ‘ನೆಟ್‌ವರ್ಕ್ 10.1.1.0 0.0.0.255 ಏರಿಯಾ 0’ ಎಂದು ಸೇರಿಸಬೇಕು. ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ಗುರುತಿನ ಸಂಖ್ಯೆ
1998ರಲ್ಲಿ ಆರ್‌ಎಫ್‌ಸಿ 2328 ವಿವರಿಸಿದ ಒಎಸ್‌ಪಿಎಫ್ ಎರಡನೆಯ ಆವೃತ್ತಿಯಲ್ಲಿ ಪ್ರತಿ ರೌಟರ್‌ಗೂ ಪ್ರತ್ಯೇಕ ಗುರುತು ಅಗತ್ಯ. ಸಿಸ್ಕೊ ರೌಟರ್ ಮೊದಲು ‘ರೌಟರ್-ಐಡಿ’ ಆದೇಶವನ್ನು ಪರಿಗಣಿಸುತ್ತದೆ. ಅದಿಲ್ಲದಿದ್ದರೆ ಲೂಪ್‌ಬ್ಯಾಕ್‌ಗಳಲ್ಲಿನ ಅತಿ ದೊಡ್ಡ ವಿಳಾಸವನ್ನೂ, ಲೂಪ್‌ಬ್ಯಾಕ್ ಕೂಡ ಇಲ್ಲದಿದ್ದರೆ ಚಾಲನೆಯಲ್ಲಿರುವ ಭೌತಿಕ ದ್ವಾರಗಳಲ್ಲಿನ ಅತಿ ದೊಡ್ಡ ವಿಳಾಸವನ್ನೂ ಆರಿಸಿಕೊಳ್ಳುತ್ತದೆ. ಹೀಗೆ ಭೌತಿಕ ದ್ವಾರವನ್ನೇ ನಂಬಿದ್ದು ಅದು ಕೆಟ್ಟರೆ, ರೌಟರ್ ಪುನರಾರಂಭಗೊಂಡಾಗ ಗುರುತೇ ಬದಲಾಗಬಹುದು.

ಎಡವುವುದೆಲ್ಲಿ?
ಒಎಸ್‌ಪಿಎಫ್ ಆರಂಭವಾದ ನಂತರ ಲೂಪ್‌ಬ್ಯಾಕ್ ರಚಿಸಿದರೆ ಹಳೆಯ ಗುರುತೇ ಮುಂದುವರಿಯುತ್ತದೆ. ‘ಕ್ಲಿಯರ್ ಐಪಿ ಒಎಸ್‌ಪಿಎಫ್ ಪ್ರೊಸೆಸ್’ ಆದೇಶದಿಂದ ಇದನ್ನು ಸರಿಪಡಿಸಬಹುದು. ಆದರೆ ನೆರೆಯ ರೌಟರ್‌ಗಳೊಂದಿಗಿನ ಸಂಬಂಧ ಕಡಿದು ಮತ್ತೆ ಏರ್ಪಡುವುದರಿಂದ, ಬಳಕೆಯಲ್ಲಿರುವ ಜಾಲದಲ್ಲಿ ಎಚ್ಚರಿಕೆ ಅಗತ್ಯ.

24 ಬಿಟ್‌ನ ಮಾಸ್ಕ್ ನೀಡಿದ್ದರೂ ನೆರೆಯ ರೌಟರ್‌ನಲ್ಲಿ 10.1.1.1/32 ಎಂದೇ ಕಾಣಿಸಿಕೊಳ್ಳುವುದು ಇನ್ನೊಂದು ಗೊಂದಲ. ಇದು ದೋಷವಲ್ಲ, ಲೂಪ್‌ಬ್ಯಾಕನ್ನು ಒಎಸ್‌ಪಿಎಫ್ ಒಂಟಿ ವಿಳಾಸವೆಂದೇ ಸಾರುತ್ತದೆ. ಪೂರ್ಣ ಜಾಲವೇ ಕಾಣಬೇಕಿದ್ದಲ್ಲಿ ಲೂಪ್‌ಬ್ಯಾಕ್‌ನಡಿ ‘ಐಪಿ ಒಎಸ್‌ಪಿಎಫ್ ನೆಟ್‌ವರ್ಕ್ ಪಾಯಿಂಟ್-ಟು-ಪಾಯಿಂಟ್’ ಎಂದು ನೀಡಬೇಕು. ಫಲಿತಾಂಶವನ್ನು ನೆರೆಯ ರೌಟರ್‌ನಲ್ಲಿ ‘ಶೋ ಐಪಿ ರೌಟ್’ ಮೂಲಕ ಪರಿಶೀಲಿಸಬಹುದು.