ವೆನಿಸ್‌ನ ಸೊನ್ನೆ: ಕಡಲು ಏರಿತೋ, ನೆಲ ಇಳಿಯಿತೋ?

ಇಟಲಿಯ ವೆನಿಸ್ ನಗರದಲ್ಲಿ ಚಳಿಗಾಲ ಹತ್ತಿರ ಬಂತೆಂದರೆ ಜನ ಮಳೆ-ಗಾಳಿಯ ಜತೆಗೆ ಇನ್ನೊಂದು ಅಂಕಿಯನ್ನೂ ವಿಚಾರಿಸಿಕೊಳ್ಳುತ್ತಾರೆ. ಅದು ಅಂದಿನ ಉಬ್ಬರದ ಮಟ್ಟ. 80 ಸೆಂಟಿಮೀಟರ್ ದಾಟಿತೆಂದರೆ ಸೇಂಟ್ ಮಾರ್ಕ್ ಚೌಕದ ತಗ್ಗು ಭಾಗಗಳಲ್ಲಿ ನೀರು ಕಾಣಿಸಿಕೊಳ್ಳುತ್ತದೆ. 110 ಮುಟ್ಟಿದರೆ, ತಡೆಯದೇ ಬಿಟ್ಟಲ್ಲಿ, ನಗರದ ಸುಮಾರು ಶೇ 12ರಷ್ಟು ಭಾಗ ಜಲಾವೃತವಾಗುತ್ತದೆ. ಹಾಗೆಂದು ಬೀದಿಯಲ್ಲಿ 110 ಸೆಂ.ಮೀ. ನೀರು ನಿಲ್ಲುತ್ತದೆ ಎಂದು ಅರ್ಥವಲ್ಲ. ಈ ಎಣಿಕೆ ಒಂದು ನಿಗದಿತ ಸೊನ್ನೆಯಿಂದ ಆರಂಭವಾಗುತ್ತದೆ. ಆ ಸೊನ್ನೆಗೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ.

ನಗರದ ದೊಡ್ಡ ಕಾಲುವೆಯಾದ ಗ್ರ್ಯಾಂಡ್ ಕೆನಾಲ್‌ನ ಬಾಯಿಯಲ್ಲಿ ಪುಂಟಾ ಡೆಲ್ಲಾ ಸಲೂಟೆ ಎಂಬ ಜಾಗವಿದೆ. ಅಲ್ಲಿ ನೀರಿನ ಮಟ್ಟವನ್ನು ದಾಖಲಿಸಲಾಗುತ್ತಿದೆ; ವೆನಿಸ್‌ನಲ್ಲಿ ಇಂಥ ದಾಖಲೆ 1872ರಿಂದ ಇದೆ. ಹಳೆಯ ಮಾಪಕದ ವಿಧಾನ ಸರಳ. ಕಾಲುವೆಗೆ ಕಿಂಡಿಯಿರುವ ಬಾವಿಯಂಥ ಕೊಳವೆಯೊಳಗೆ ಒಂದು ತೇಲುಬುರುಡೆ. ಸಣ್ಣ ಅಲೆಗಳು ಕಿಂಡಿಯಲ್ಲೇ ಅಡಗುತ್ತವೆ. ಉಬ್ಬರ-ಇಳಿತಗಳಿಗೆ ತಕ್ಕಂತೆ ಬುರುಡೆ ಮೇಲೆ ಕೆಳಗೆ ಆಡುತ್ತದೆ. ಅದಕ್ಕೆ ಜೋಡಿಸಿದ ಲೇಖನಿ ತಿರುಗುವ ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುತ್ತದೆ. ಹಲವು ವರ್ಷಗಳ ಇಂಥ ದಾಖಲೆಗಳ ಸರಾಸರಿ ತೆಗೆದು, 1897ನ್ನು ನಡುವಿನ ವರ್ಷವಾಗಿಟ್ಟುಕೊಂಡು, ಸೊನ್ನೆಯನ್ನು ಗೊತ್ತುಮಾಡಲಾಯಿತು.

ಆದರೆ ಮಾಪಕ ನಿಂತಿರುವುದು ನೆಲದ ಮೇಲೆ. ನೆಲ ಕುಸಿದರೆ ಮಾಪಕವೂ ಇಳಿಯುತ್ತದೆ, ನೀರು ಏರಿದಂತೆಯೇ ತೋರುತ್ತದೆ. ವೆನಿಸ್ ಹಿನ್ನೀರಿನ ಕೆಸರು ದ್ವೀಪಗಳಲ್ಲಿ ಮರದ ಕಂಬಗಳನ್ನು ನಾಟಿ ಕಟ್ಟಿದ ಊರು. ಹಾಗಾದರೆ ಏರಿದ್ದು ಕಡಲೋ, ಇಳಿದದ್ದು ನೆಲವೋ?

ಉತ್ತರಕ್ಕೆ ನೆರವಾದದ್ದು ಅದೇ ಏಡ್ರಿಯಾಟಿಕ್ ಸಮುದ್ರದ ದಡದಲ್ಲಿ, ಸುಮಾರು 115 ಕಿ.ಮೀ. ದೂರದಲ್ಲಿರುವ ಟ್ರಿಯೆಸ್ಟೆ ಬಂದರು. ಅಲ್ಲಿನ ನೆಲ ಗಟ್ಟಿ ಬಂಡೆ. ಅಲ್ಲಿನ ದಾಖಲೆಯೂ 1875ರಷ್ಟು ಹಳೆಯದು. ಎರಡೂ ಊರುಗಳಲ್ಲಿ ಕಂಡ ಏರಿಕೆ ಕಡಲಿನದು. ವೆನಿಸ್‌ನಲ್ಲಿ ಮಾತ್ರ ಹೆಚ್ಚುವರಿಯಾಗಿ ಕಂಡದ್ದು ನೆಲದ ಕುಸಿತ.

ಈ ಲೆಕ್ಕ ಬರಿಯ ವಿದ್ವಾಂಸರ ಕುತೂಹಲವಾಗಿ ಉಳಿಯಲಿಲ್ಲ. 1966ರ ನವೆಂಬರ್ 4ರಂದು ಆಗ್ನೇಯದ ಗಾಳಿ ಸಮುದ್ರವನ್ನು ಊರಿನತ್ತ ನೂಕಿದಾಗ ನೀರು 194 ಸೆಂ.ಮೀ. ತಲುಪಿತು, ಸುಮಾರು 22 ಗಂಟೆ 110ಕ್ಕಿಂತ ಕೆಳಗಿಳಿಯಲಿಲ್ಲ. ಊರು ಉಳಿದೀತೇ ಎಂಬ ಪ್ರಶ್ನೆ ಎದ್ದಿತು. ಎದುರು ದಡದ ಮಾರ್ಗೆರಾ ಕೈಗಾರಿಕಾ ಪ್ರದೇಶ ಬಾವಿಗಳಿಂದ ಹೇರಳವಾಗಿ ಅಂತರ್ಜಲ ಎತ್ತುತ್ತಿದ್ದುದು, ಅದರಿಂದ ಕೆಳಗಿನ ಮಣ್ಣಿನ ಪದರಗಳು ಅಮರಿಕೊಳ್ಳುತ್ತಿದ್ದುದು ಸ್ಪಷ್ಟವಾಯಿತು. 1970ರ ದಶಕದಲ್ಲಿ ಬಾವಿಗಳಿಗೆ ಕಡಿವಾಣ ಬಿತ್ತು. ನೆಲದಡಿಯ ನೀರು ಚೇತರಿಸಿಕೊಂಡಿತು, ಕುಸಿತದ ವೇಗ ತಗ್ಗಿತು. ಇಪ್ಪತ್ತನೆಯ ಶತಮಾನದಲ್ಲಿ ವೆನಿಸ್ ಕಡಲಿಗೆ ಸೋತ ಎತ್ತರ ಸುಮಾರು 23 ಸೆಂ.ಮೀ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ನೆಲದ ಪಾಲು, ಇನ್ನರ್ಧ ಸಮುದ್ರದ ಪಾಲು.

ಮಾಪಕ ಬರುವುದಕ್ಕೆ ಮೊದಲಿನ ಕಥೆ? ಅದಕ್ಕೆ ಸಾಕ್ಷಿ ಹೇಳಿದವನು ಚಿತ್ರಕಾರ ಕ್ಯಾನಲೆಟ್ಟೊ (1697–1768). ನೀರು ಮುಟ್ಟುವವರೆಗೆ ಗೋಡೆಗಳ ಮೇಲೆ ಹಸಿರು ಪಾಚಿಯ ಪಟ್ಟಿ ಬೆಳೆಯುತ್ತದೆ. ಕ್ಯಾಮೆರಾ ಅಬ್‌ಸ್ಕ್ಯೂರಾ ಎಂಬ ಸಾಧನದ ನೆರವಿನಿಂದ ಕರಾರುವಾಕ್ಕಾಗಿ ಚಿತ್ರಿಸುತ್ತಿದ್ದ ಆತ ಆ ಪಟ್ಟಿಯನ್ನೂ ಬಿಡದೆ ಬರೆದಿದ್ದ. ಭೌತವಿಜ್ಞಾನಿ ದಾರಿಯೊ ಕಮುಫೊ ಮತ್ತು ಸಂಗಡಿಗರು ಅದೇ ಕಟ್ಟಡಗಳಲ್ಲಿ ಇಂದಿನ ಪಾಚಿಯ ಗೆರೆ ಅಳೆದು ಹೋಲಿಸಿದರು. ಅದು 60 ಸೆಂ.ಮೀ.ಗೂ ಹೆಚ್ಚು ಮೇಲೇರಿತ್ತು. ಇದರಲ್ಲಿ ನೆಲದ ಕುಸಿತವೂ ಸೇರಿದೆ.

ಬಾವಿ ಮುಚ್ಚಿ ನೆಲವನ್ನು ಹಿಡಿದು ನಿಲ್ಲಿಸಬಹುದು. ಸಮುದ್ರವನ್ನು ಹಾಗೆ ನಿಲ್ಲಿಸಲಾಗದು. ಭೂಮಿ ಕಾದಂತೆ ಕಡಲ ನೀರು ಹಿಗ್ಗುತ್ತಿದೆ, ಹಿಮ ಕರಗಿ ಅದಕ್ಕೆ ಸೇರುತ್ತಿದೆ. 2019ರ ನವೆಂಬರ್ 12ರಂದು ವೆನಿಸ್‌ನಲ್ಲಿ ನೀರು 187 ಸೆಂ.ಮೀ.ಗೆ ಏರಿತು. ಮರುವರ್ಷ ಅಕ್ಟೋಬರ್ 3ರಂದು, ಹಿನ್ನೀರಿನ ಮೂರು ಅಳಿವೆಗಳ ತಳದಲ್ಲಿ ಮಲಗಿಸಿದ್ದ 78 ಉಕ್ಕಿನ ಬಾಗಿಲುಗಳು ಮೊದಲ ಬಾರಿಗೆ ಉಬ್ಬರಕ್ಕೆ ಎದುರಾಗಿ ಮೇಲೆದ್ದವು. ಊರು ಒಣಗಿಯೇ ಉಳಿಯಿತು.

ಈ ಬಾಗಿಲುಗಳನ್ನು 110ರ ಉಬ್ಬರಕ್ಕೆಂದು ರೂಪಿಸಲಾಗಿತ್ತು. ಅವು ಎದ್ದಾಗಲೆಲ್ಲ ಹಡಗುಗಳು ಕಾಯಬೇಕು, ಹಿನ್ನೀರಿಗೂ ಕಡಲಿಗೂ ನಡುವಣ ನೀರಿನ ಹರಿದಾಟ ನಿಲ್ಲುತ್ತದೆ. ಈಗಿನ ಸರಾಸರಿ ಮಟ್ಟವೇ 1897ರ ಸೊನ್ನೆಗಿಂತ 30 ಸೆಂ.ಮೀ.ಗೂ ಮೇಲಿದೆ. ಅಂದು 110 ತಲುಪಲು ನೀರು ಪೂರ್ತಿ 110 ಸೆಂ.ಮೀ. ಏರಬೇಕಿತ್ತು, ಇಂದು 80 ಏರಿದರೂ ಸಾಕು. ಹಳೆಯ ಸೊನ್ನೆಯನ್ನು ಬದಲಿಸದೆ ಉಳಿಸಿಕೊಂಡದ್ದರಿಂದಲೇ ಈ ಅಂತರ ವೆನಿಸ್‌ನ ಜನರ ಕಣ್ಣಿಗೆ ಬೀಳುತ್ತಿದೆ.