ಹೂವಿಗೆ ಕಾವಲು, ಕಾಲಿಗೆ ಗುಂಡು

ನಿಮ್ಮ ಹಿತ್ತಲಿನ ಮಾವು ಕದಿಯಲು ಬಂದವನಿಗೆ ಎಷ್ಟು ಪೆಟ್ಟು ಕೊಡಬಹುದು?

1825ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸಮೀಪ ಒಬ್ಬಾತ ತನ್ನ ಟ್ಯುಲಿಪ್ ತೋಟದಲ್ಲಿ, ತಂತಿ ತಾಗಿದೊಡನೆ ತಾನೇ ಸಿಡಿಯುವ ಬಂದೂಕು ಹೂಡಿದ್ದ. ಎಚ್ಚರಿಕೆಯ ಫಲಕ ಇರಲಿಲ್ಲ. ತಪ್ಪಿಸಿಕೊಂಡ ಹೆಣ್ಣುನವಿಲನ್ನು ಹಿಡಿಯಲು ಗೋಡೆ ಹಾರಿದ ತರುಣನ ಮೊಣಕಾಲಿಗೆ ಗುಂಡು ಬಡಿಯಿತು. ಕಳ್ಳ ಯಾರು, ನೆರವಿಗೆ ಬಂದವನು ಯಾರು ಎಂಬುದು ಯಂತ್ರಕ್ಕೆ ತಿಳಿಯದಲ್ಲ! 1827ರಲ್ಲಿ ಸಂಸತ್ತು ತೋಟಗಳಲ್ಲಿ ಇಂತಹ ಬಂದೂಕು ಹೂಡುವುದನ್ನು ನಿಷೇಧಿಸಿತು. 1828ರಲ್ಲಿ ನ್ಯಾಯಾಲಯ ತರುಣನ ಪರ ತೀರ್ಪಿತ್ತಿತು.

ನಮ್ಮ 1860ರ ದಂಡ ಸಂಹಿತೆ ಸ್ವತ್ತು ರಕ್ಷಣೆಯ ಹಕ್ಕನ್ನು ಒಪ್ಪಿತು. ಆದರೆ ಅಗತ್ಯಕ್ಕಿಂತ ಹೆಚ್ಚು ಬಲ ಸಲ್ಲದೆಂದಿತು. ಸುಲಿಗೆ, ರಾತ್ರಿಯ ಕನ್ನ, ಮನೆಗೆ ಬೆಂಕಿ ಮುಂತಾದ ಕೆಲವೇ ಸಂದರ್ಭಗಳಲ್ಲಿ ಮಾತ್ರ ಪ್ರಾಣಹಾನಿಗೂ ವಿನಾಯಿತಿ ಇತ್ತಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ಮಿತಿಯನ್ನು ಉಳಿಸಿಕೊಂಡಿದೆ.

ಕೋಲೆತ್ತುವ ಮುನ್ನ ಯೋಚಿಸಿ: ಮಾವು ಮರುವರ್ಷ ಮತ್ತೆ ಫಲ ಬಿಡುತ್ತದೆ, ಮೊಣಕಾಲು?