ಕಣ್ಣು ಮಿಟುಕಿಸುವ 'ಚಟ'ವೂ ವಂಶವಾಹಿಯೂ

ದೊಡ್ಡಬಳ್ಳಾಪುರವಿರಲಿ, ಹೊಸಕೋಟೆಯಿರಲಿ, ಪದೇ ಪದೇ ಕಣ್ಣು ಮಿಟುಕಿಸುವ, ಭುಜ ಕುಣಿಸುವ, ಗಂಟಲಲ್ಲಿ ಸದ್ದು ಮಾಡುವ ಮಗುವಿಗೆ ಮೊದಲು ಸಿಗುವುದು ಸಾಮಾನ್ಯವಾಗಿ ಗದರಿಕೆಯೇ. ವೈದ್ಯರು ಇದನ್ನು 'ಟಿಕ್' ಎನ್ನುತ್ತಾರೆ.

1885ರಲ್ಲಿ ಒಂಬತ್ತು ರೋಗಿಗಳನ್ನು ವರ್ಣಿಸಿದ ಫ್ರೆಂಚ್ ವೈದ್ಯ ಜಿಲ್ ದ ಲಾ ಟುರೆಟ್, ಇದು ವಂಶದಲ್ಲಿ ಹರಿದುಬರುವ ತೊಂದರೆ ಎಂದಿದ್ದರು. ಬಳಿಕ ಬಂದ ಮನೋವಿಶ್ಲೇಷಕರು ಅದನ್ನು ಮನಸ್ಸಿನ ಒಳತೋಟಿಯೆಂದರು. 1960ರ ದಶಕದಲ್ಲಿ ಹ್ಯಾಲೊಪೆರಿಡಾಲ್ ಮಾತ್ರೆ ಗುಣ ಕೊಟ್ಟಾಗ ಗಮನ ಮಿದುಳಿನತ್ತ ಹೊರಳಿತು.

1985ರ ಅಧ್ಯಯನವೊಂದರಲ್ಲಿ, ತದ್ರೂಪಿ ಅವಳಿಗಳ ಪೈಕಿ ಶೇ. 53ರಷ್ಟು ಜೋಡಿಗಳಲ್ಲಿ ಇಬ್ಬರಿಗೂ ಟುರೆಟ್ ಕಾಯಿಲೆಯಿತ್ತು. ಇತರ ಅವಳಿಗಳಲ್ಲಿ ಈ ಪ್ರಮಾಣ ಶೇ. 8 ಮಾತ್ರ. 2010ರಲ್ಲಿ, ತಂದೆ ಮತ್ತು ಎಂಟು ಮಕ್ಕಳಿಗೂ ಕಾಯಿಲೆಯಿದ್ದ ಕುಟುಂಬವೊಂದರಲ್ಲಿ 'ಎಚ್‌ಡಿಸಿ' ಎಂಬ ವಂಶವಾಹಿಯ ದೋಷ ಸಿಕ್ಕಿತು. ಇಂಥದ್ದು ಅಪರೂಪ. ಬಹುಪಾಲು ಪ್ರಕರಣಗಳಲ್ಲಿ ಅನೇಕ ವಂಶವಾಹಿಗಳ ಚಿಕ್ಕ ಚಿಕ್ಕ ಪ್ರಭಾವಗಳು ಒಟ್ಟುಗೂಡುತ್ತವೆ.

ಟಿಕ್‌ಗೆ ಹತ್ತಿರದ ನಂಟಿರುವ ಗೀಳು ಕಾಯಿಲೆ ಹಲವರಲ್ಲಿ ಕಂಡ ಕುಟುಂಬಗಳ ಅಧ್ಯಯನವನ್ನು ಬೆಂಗಳೂರಿನ ನಿಮ್ಹಾನ್ಸ್ 2016ರಲ್ಲಿ ಇತರ ಸಂಸ್ಥೆಗಳೊಡನೆ ಕೈಗೆತ್ತಿಕೊಂಡಿತು.

ಮಗು ಬೇಕೆಂದೇ ಹೀಗೆ ಮಾಡುತ್ತದೆ, ತಾಯಿ ಸರಿಯಾಗಿ ಬೆಳೆಸಲಿಲ್ಲ ಎಂಬ ದೂರುಗಳಿಗೆ ಈಗ ಆಧಾರವಿಲ್ಲ. ವಂಶದಲ್ಲಿದ್ದರೆ ಮಗುವಿಗೆ ಬಂದೇ ಬರುತ್ತದೆ ಎಂದೂ ಇಲ್ಲ. ಬಂದರೂ ಹೆಚ್ಚಿನ ಮಕ್ಕಳಲ್ಲಿ ಹರೆಯ ದಾಟುವ ಹೊತ್ತಿಗೆ ತಗ್ಗುತ್ತದೆ.